‘ನಮ್ಮ ವಂಶಕ್ಕೇ ಪೆನ್ಸಿಲಿನ್ ಆಗಲ್ಲ’

ಈ ಬಾರಿಯ ಅಂಕಣಕ್ಕೆ ಕಾರಣ ಓದುಗರೊಬ್ಬರ ಇಮೇಲ್. ಬೆಂಗಳೂರಿನಲ್ಲಿ ಕೆಲಸ, ವಯಸ್ಸು ಮೂವತ್ತರೊಳಗೆ. ವಿಸ್ಡಮ್ ಟೂತ್ ತೆಗೆಸಿಕೊಂಡ ಮೇಲೆ ಡೆಂಟಿಸ್ಟ್ ಅಮಾಕ್ಸಿಸಿಲಿನ್ ಬರೆದುಕೊಟ್ಟಿದ್ದಾರೆ. ಊರಿಗೆ ಫೋನ್ ಮಾಡಿದರೆ ಅಮ್ಮ, ‘ಅದು ಪೆನ್ಸಿಲಿನ್ ಜಾತಿದು. ನಿಮ್ಮಪ್ಪನಿಗೆ ಆಗಲ್ಲ, ಮೈಯೆಲ್ಲ ದದ್ದು ಬಂದಿತ್ತು. ನೀನೂ ತಗೋಬೇಡ’ ಅಂದಿದ್ದಾರೆ. ಮಾತ್ರೆಯ ಸ್ಟ್ರಿಪ್ ಟೇಬಲ್ ಮೇಲೇ ಉಳಿದಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ: ‘ಔಷಧದ ಅಲರ್ಜಿ ಅಪ್ಪನಿಂದ ಮಗಳಿಗೆ ಬರುತ್ತಾ? ಬರೋದಾದ್ರೆ ಒಂದು ಜೀನ್ ಟೆಸ್ಟ್ ಮಾಡಿಸಿ ಮೊದಲೇ ತಿಳ್ಕೋಬಹುದಾ?’

ಈ ಪ್ರಶ್ನೆ ನನಗೆ ಹೊಸದಲ್ಲ. ನಾನು ಆಸ್ಪತ್ರೆಯೊಂದರಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಅಡ್ಮಿಟ್ ಆದವರ ಹಾಸಿಗೆ ಪಕ್ಕ ನಿಂತು, ಈವರೆಗೆ ಯಾವ ಯಾವ ಔಷಧ ತಗೊಂಡಿದ್ದೀರಿ, ಯಾವುದು ಆಗಲಿಲ್ಲ ಅಂತ ಕೇಳಿ ಬರೆದುಕೊಳ್ಳೋದು ನನ್ನ ಕೆಲಸದ ಒಂದು ಭಾಗ. ಫೈಲಿನಲ್ಲಿ ‘ಅಲರ್ಜಿ’ ಅಂತ ಒಂದು ಖಾನೆ ಇರುತ್ತದೆ. ಅಂಗೈಯಗಲದ ಜಾಗ. ಅಲ್ಲಿ ಕೆಂಪು ಇಂಕಿನಲ್ಲಿ ಒಮ್ಮೆ ‘ಪೆನ್ಸಿಲಿನ್’ ಅಂತ ಬಿತ್ತು ಅಂದ್ರೆ, ಅದು ಆ ಮನುಷ್ಯನ ಜೊತೆ ಜೀವನಪೂರ್ತಿ ಓಡಾಡುತ್ತದೆ. ಕೆಲವೊಮ್ಮೆ ಅವರ ಮಕ್ಕಳ ಜೊತೆಗೂ.

ಹಾಗಾಗಿ ಈ ವಾರ ಆಂಟಿಬಯೋಟಿಕ್, ಚರ್ಮ ಮತ್ತು ಜೀನ್, ಈ ಮೂರರ ಸಂಬಂಧದ ಬಗ್ಗೆ ಸ್ವಲ್ಪ ವಿವರವಾಗಿಯೇ ಮಾತಾಡೋಣ.

‘ಆಗಲ್ಲ’ ಅಂದರೆ ಏನು?

ನಮ್ಮ ಕನ್ನಡದಲ್ಲಿ ‘ನನಗೆ ಅದು ಆಗಿಬರಲ್ಲ’ ಅನ್ನೋದು ಬಹಳ ವಿಶಾಲವಾದ ಮಾತು. ಬದನೆಕಾಯಿ ತಿಂದರೆ ನಂಜು, ಆಗಿಬರಲ್ಲ. ಸೊಸೆಗೂ ಅತ್ತೆಗೂ ಆಗಿಬರಲ್ಲ. ಮಾತ್ರೆ ತಗೊಂಡರೆ ಹೊಟ್ಟೆ ಉರಿ, ಆಗಿಬರಲ್ಲ. ಆಂಟಿಬಯೋಟಿಕ್ ‘ಉಷ್ಣ’, ಬಾಯಲ್ಲಿ ಹುಣ್ಣು, ಆಗಿಬರಲ್ಲ. ಇಂಜೆಕ್ಷನ್ ಚುಚ್ಚಿದಾಗ ತಲೆ ಸುತ್ತಿ ಬಿದ್ದೆ, ಆಗಿಬರಲ್ಲ.

ಇವೆಲ್ಲ ತೊಂದರೆಗಳೇ, ಇಲ್ಲ ಅನ್ನಲ್ಲ. ಆದರೆ ಇವೆಲ್ಲ ಅಲರ್ಜಿ ಅಲ್ಲ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ತಗೊಂಡಾಗ ಲೂಸ್ ಮೋಷನ್ ಆಗೋದು ಸಾಮಾನ್ಯ ಅಡ್ಡಪರಿಣಾಮ. ಸೂಜಿ ಕಂಡು ತಲೆ ಸುತ್ತೋದು ನರಗಳ ಪ್ರತಿಕ್ರಿಯೆ. ನಮ್ಮ ರೋಗನಿರೋಧಕ ವ್ಯವಸ್ಥೆ ಆ ಔಷಧವನ್ನು ಶತ್ರು ಅಂತ ಗುರುತಿಟ್ಟುಕೊಂಡು ಎಗರಿ ಬಿದ್ದರೆ ಮಾತ್ರ ಅದು ಅಲರ್ಜಿ. ಮನೆಯಲ್ಲಿ ಯಾರಾದರೂ ‘ಆಗಲ್ಲ’ ಅಂದಾಗ ಮೊದಲು ಕೇಳಬೇಕಾದ್ದು ಇಷ್ಟೇ: ‘ಏನಾಯ್ತು?’

ದದ್ದುಗಳೆಲ್ಲ ಒಂದೇ ಅಲ್ಲ

‘ಮೈಮೇಲೆ ದದ್ದು ಬಂತು’ ಅಂದರೂ ನನಗೆ ಸಾಲದು. ಯಾಕೆಂದರೆ ದದ್ದುಗಳಲ್ಲಿ ಕನಿಷ್ಠ ನಾಲ್ಕು ಬಗೆ ಇವೆ. ಅವುಗಳ ಹಿಂದಿನ ಯಂತ್ರವೂ ಬೇರೆ, ಅಪಾಯವೂ ಬೇರೆ.

ಮೊದಲನೆಯದು, ನಮ್ಮ ಹಿರಿಯರು ಪಿತ್ತದ ಗಂಧೆ ಅನ್ನುತ್ತಾರಲ್ಲ, ಅದು. ಮಾತ್ರೆ ನುಂಗಿದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮೈಮೇಲೆ ಉಬ್ಬು ಉಬ್ಬಾಗಿ ಏಳುತ್ತದೆ, ವಿಪರೀತ ತುರಿಕೆ, ಜಾಗ ಬದಲಾಯಿಸುತ್ತಾ ಹೋಗುತ್ತದೆ. ಇದರ ಹಿಂದೆ ಇರೋದು ಸಾಮಾನ್ಯವಾಗಿ ‘ಐಜಿಇ’ ಅನ್ನೋ ಪ್ರತಿಕಾಯ. ಗಂಧೆಯ ಜೊತೆ ತುಟಿ, ನಾಲಿಗೆ ಊದಿಕೊಂಡು, ಉಸಿರು ಕಟ್ಟಿ, ಬಿಪಿ ಕುಸಿದರೆ ಅದು ಅನಾಫಿಲ್ಯಾಕ್ಸಿಸ್. ಒಂದು ನಿಮಿಷವೂ ಕಾಯುವಂತಿಲ್ಲ.

ಎರಡನೆಯದು ದಡಾರದ ಹಾಗೆ ಕಾಣುವ ಕೆಂಪು ದದ್ದು. ಔಷಧ ಶುರು ಮಾಡಿ ನಾಲ್ಕೈದು ದಿನದಿಂದ ಹತ್ತು ದಿನದೊಳಗೆ, ಎದೆ-ಬೆನ್ನಿನಿಂದ ಶುರುವಾಗಿ ಹರಡುತ್ತದೆ. ಆಂಟಿಬಯೋಟಿಕ್‌ನಿಂದ ಬರುವ ದದ್ದುಗಳಲ್ಲಿ ಅತಿ ಹೆಚ್ಚು ಕಾಣೋದು ಇದೇ. ಇದರ ಹಿಂದೆ ಇರೋದು ಪ್ರತಿಕಾಯ ಅಲ್ಲ, ಟಿ-ಕಣಗಳು. ಬಹುತೇಕ ಔಷಧ ನಿಲ್ಲಿಸಿದ ಮೇಲೆ ಒಂದೆರಡು ವಾರದಲ್ಲಿ ಸಿಪ್ಪೆ ಎದ್ದು ಹೋಗುತ್ತದೆ.

ಮೂರನೆಯದನ್ನು ‘ಫಿಕ್ಸ್ಡ್ ಡ್ರಗ್ ಇರಪ್ಷನ್’ ಅನ್ನುತ್ತಾರೆ. ಇದರ ಬಗ್ಗೆ ಈಗಲೇ ಹೇಳುತ್ತೇನೆ, ಯಾಕೆಂದರೆ ಇದು ನಿಮ್ಮ ವಯಸ್ಸಿನವರಲ್ಲಿ ಆಗಾಗ ಕಾಣುತ್ತದೆ, ಗುರುತು ಸಿಗೋದು ಮಾತ್ರ ತಡ.

ನಾಲ್ಕನೆಯದು ಅಪರೂಪದ್ದು, ಆದರೆ ಜೀವಕ್ಕೇ ಕುತ್ತು. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್‌ನಲ್ಲಿ ಚರ್ಮ ಸುಟ್ಟ ಗಾಯದ ಹಾಗೆ ಬೊಬ್ಬೆ ಎದ್ದು ಸುಲಿಯುತ್ತದೆ, ಬಾಯಿ, ಕಣ್ಣು, ಜನನಾಂಗದ ಒಳಪದರವೂ ಹುಣ್ಣಾಗುತ್ತದೆ. ಇದರ ಉಗ್ರರೂಪದಲ್ಲಿ ಮೂವರಲ್ಲಿ ಸುಮಾರು ಒಬ್ಬರು ಬದುಕುವುದಿಲ್ಲ. ‘ಡ್ರೆಸ್’ ಅನ್ನೋ ಇನ್ನೊಂದು ಸಿಂಡ್ರೋಮ್ ಇದೆ. ಔಷಧ ಶುರುವಾಗಿ ಎರಡರಿಂದ ಎಂಟು ವಾರದ ನಂತರ ಜ್ವರ, ಮುಖದ ಊತ, ದದ್ದು, ಜೊತೆಗೆ ಲಿವರ್, ಕಿಡ್ನಿಗೂ ಪೆಟ್ಟು.

ಈಗ ಯೋಚಿಸಿ. ‘ಅಪ್ಪನಿಗೆ ದದ್ದು ಬಂದಿತ್ತು’ ಅನ್ನೋ ಒಂದು ವಾಕ್ಯ ಈ ನಾಲ್ಕರಲ್ಲಿ ಯಾವುದೂ ಆಗಿರಬಹುದು.

ಅದೇ ಜಾಗ, ಅದೇ ಕಲೆ

ಕೆಲವು ತಿಂಗಳ ಹಿಂದೆ ಒಬ್ಬ ಹುಡುಗ ಬಂದಿದ್ದ. ಐಟಿ ಕೆಲಸ, ವೀಕೆಂಡ್ ಬಂದರೆ ಟ್ರೆಕ್ಕಿಂಗ್. ಕೆಳತುಟಿಯ ಎಡಗಡೆ ಕಡಲೆಕಾಳಿನಷ್ಟು ಕಪ್ಪು ಕಲೆ. ‘ವರ್ಷಕ್ಕೆ ಎರಡು ಮೂರು ಸಲ ಇಲ್ಲೇ ಉರಿದು ಗುಳ್ಳೆ ಬರುತ್ತೆ, ಒಣಗಿದ ಮೇಲೆ ಇನ್ನೂ ಕಪ್ಪಾಗುತ್ತೆ’ ಅಂದ. ಅದು ವೈರಸ್‌ನಿಂದ ಬರುವ ಜ್ವರದ ಗುಳ್ಳೆ ಅಂದುಕೊಂಡು ಕ್ರೀಮ್ ಹಚ್ಚುತ್ತಿದ್ದನಂತೆ.

‘ಗುಳ್ಳೆ ಬರೋ ಮುಂಚೆ ಯಾವುದಾದರೂ ಮಾತ್ರೆ ತಗೊಂಡಿದ್ರಾ?’ ಅಂತ ಕೇಳಿದೆ. ಇಲ್ಲ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಲೂಸ್ ಮೋಷನ್‌ಗೆ ಒಂದು ಮಾತ್ರೆ ತಗೊಳ್ತೀನಿ, ಅದು ಲೆಕ್ಕಕ್ಕಿಲ್ಲ ಅಲ್ವಾ?’ ಅಂದ.

ಲೆಕ್ಕಕ್ಕಿದೆ. ಅದು ಓಫ್ಲಾಕ್ಸಸಿನ್ ಮತ್ತು ಓರ್ನಿಡಜೋಲ್ ಎರಡೂ ಸೇರಿದ ಮಾತ್ರೆ. ಟ್ರೆಕ್ಕಿಂಗ್ ದಾರಿಯ ಹೋಟೆಲ್ ಊಟ, ಹೊಟ್ಟೆ ಕೆಡೋದು, ಮೆಡಿಕಲ್ ಶಾಪಿನಿಂದ ಆ ಮಾತ್ರೆ, ಮರುದಿನ ತುಟಿಯ ಮೇಲೆ ಗುಳ್ಳೆ. ಮೂರು ಸಲ ಮೂರು ಬೇರೆ ಬ್ರ್ಯಾಂಡ್, ಒಳಗಿನ ಔಷಧ ಮಾತ್ರ ಅದೇ.

ಹೀಗ್ಯಾಕೆ ಅದೇ ಜಾಗದಲ್ಲಿ? ಮೊದಲ ಸಲ ಪ್ರತಿಕ್ರಿಯೆ ಆದಾಗ ಬಂದ ಟಿ-ಕಣಗಳಲ್ಲಿ ಕೆಲವು ವಾಪಸ್ ಹೋಗೋದೇ ಇಲ್ಲ. ಚರ್ಮದ ಆ ತುಣುಕಿನಲ್ಲೇ ಮನೆ ಮಾಡಿಕೊಂಡು ವರ್ಷಗಟ್ಟಲೆ ಕಾಯುತ್ತವೆ. ಅದೇ ಔಷಧ ಮತ್ತೆ ಬಂದರೆ ಕೆಲವೇ ಗಂಟೆಗಳಲ್ಲಿ ಅದೇ ಜಾಗ ಕೆಂಪಾಗುತ್ತದೆ. ಕೋ-ಟ್ರೈಮಾಕ್ಸಜೋಲ್, ಮೆಟ್ರೊನಿಡಜೋಲ್ ಕುಟುಂಬದ ಔಷಧಗಳು, ಸಿಪ್ರೊಫ್ಲಾಕ್ಸಸಿನ್‌ನಂಥವು, ಜೊತೆಗೆ ಕೆಲವು ನೋವಿನ ಮಾತ್ರೆಗಳು ಹೀಗೆ ಮಾಡುತ್ತವೆ. ಸಾಮಾನ್ಯವಾಗಿ ಒಂದೆರಡು ಕಲೆ ಅಷ್ಟೇ. ಆದರೆ ಅದೇ ಔಷಧ ಪದೇ ಪದೇ ತಗೊಂಡರೆ ಕಲೆಗಳ ಸಂಖ್ಯೆ ಹೆಚ್ಚಬಹುದು, ಕೆಲವರಲ್ಲಿ ಮೈತುಂಬ ಬೊಬ್ಬೆಯೂ ಏಳಬಹುದು.

ನಿಮ್ಮ ತುಟಿ, ಕೈ ಅಥವಾ ಹೇಳಿಕೊಳ್ಳಲು ಮುಜುಗರವಾಗುವ ಜಾಗದಲ್ಲಿ ಇಂಥದ್ದೊಂದು ದುಂಡನೆ ಕಲೆ ಆಗಾಗ ಜೀವ ಪಡೆಯುತ್ತಿದ್ದರೆ, ಹಿಂದಿನ ದಿನ ಏನು ನುಂಗಿದಿರಿ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಆರನೇ ಕ್ರೋಮೋಸೋಮಿನ ಕಥೆ

ಈಗ ಜೀನ್ ವಿಷಯಕ್ಕೆ ಬರೋಣ. ಒಂದೇ ಔಷಧ ಲಕ್ಷ ಜನ ನುಂಗಿ ಆರಾಮಾಗಿರುವಾಗ ಒಬ್ಬರಿಗೆ ಮಾತ್ರ ಚರ್ಮ ಸುಲಿಯೋದು ಯಾಕೆ?

ಉತ್ತರದ ದೊಡ್ಡ ಪಾಲು ಸಿಕ್ಕಿರೋದು ಆರನೇ ಕ್ರೋಮೋಸೋಮಿನಲ್ಲಿ. ಅಲ್ಲಿ ‘ಎಚ್‌ಎಲ್‌ಎ’ ಅನ್ನೋ ಜೀನ್‌ಗಳ ಗುಂಪಿದೆ. ಇವು ತಯಾರಿಸುವ ಪ್ರೋಟೀನ್‌ಗಳು ಒಂಥರಾ ತಟ್ಟೆ ಇದ್ದ ಹಾಗೆ. ಪ್ರತಿ ಜೀವಕೋಶ ತನ್ನೊಳಗೆ ಏನೇನಿದೆ ಅಂತ ಚೂರು ಚೂರಾಗಿ ಈ ತಟ್ಟೆಯಲ್ಲಿಟ್ಟು ಹೊರಗೆ ತೋರಿಸುತ್ತಿರುತ್ತದೆ. ಟಿ-ಕಣಗಳು ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯ ಹಾಗೆ ಓಡಾಡುತ್ತಾ ತಟ್ಟೆ ನೋಡುತ್ತವೆ. ಮನೆಯವರದ್ದೇ ಸಾಮಾನು ಇದ್ದರೆ ಮುಂದೆ ಹೋಗುತ್ತವೆ. ಅಪರಿಚಿತ ವಸ್ತು ಕಂಡರೆ ಆ ಮನೆಯನ್ನೇ ಒಡೆಯುತ್ತವೆ.

ಈ ತಟ್ಟೆಗಳ ಆಕಾರದಲ್ಲಿ ಸಾವಿರಾರು ನಮೂನೆಗಳಿವೆ. ಅರ್ಧ ಸೆಟ್ ಅಮ್ಮನಿಂದ, ಅರ್ಧ ಅಪ್ಪನಿಂದ. ಕೆಲವು ಔಷಧದ ಅಣುಗಳು ಕೆಲವೇ ನಮೂನೆಯ ತಟ್ಟೆಗಳಲ್ಲಿ ಸರಿಯಾಗಿ ಕೂತುಬಿಡುತ್ತವೆ. ಆಗ ಟಿ-ಕಣಕ್ಕೆ ನಮ್ಮದೇ ಕೋಶ ಪರಕೀಯವಾಗಿ ಕಾಣುತ್ತದೆ.

ಇದಕ್ಕೆ ದೊಡ್ಡ ಸಾಕ್ಷಿ ಸಿಕ್ಕಿದ್ದು ತೈವಾನ್‌ನಲ್ಲಿ, 2004ರಲ್ಲಿ. ಔಷಧ ಆಂಟಿಬಯೋಟಿಕ್ ಅಲ್ಲ, ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್. ಅದರಿಂದ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಬಂದ 44 ರೋಗಿಗಳನ್ನು ಪರೀಕ್ಷಿಸಿದರೆ 44 ಜನರಲ್ಲೂ ಒಂದೇ ನಮೂನೆ ಸಿಕ್ಕಿತು: ಎಚ್‌ಎಲ್‌ಎ-ಬಿ 15:02. ಅದೇ ಔಷಧ ತಗೊಂಡು ಏನೂ ಆಗದ 101 ಜನರಲ್ಲಿ ಅದು ಇದ್ದಿದ್ದು ಮೂವರಲ್ಲಿ ಮಾತ್ರ. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಏಷ್ಯಾ ಮೂಲದವರಿಗೆ ಈ ಔಷಧ ಶುರು ಮಾಡುವ ಮುನ್ನ ಜೀನ್ ಪರೀಕ್ಷೆ ಮಾಡಿಸಿ ಅಂತ ಲೇಬಲ್‌ನಲ್ಲಿ ಸೇರಿಸಿತು.

ಮುಂದೆ ಎಚ್‌ಐವಿಗೆ ಕೊಡುವ ಅಬಕವಿರ್ ಸರದಿ. 2008ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಎಚ್‌ಎಲ್‌ಎ-ಬಿ 57:01 ಇರುವವರನ್ನು ಮೊದಲೇ ಗುರುತಿಸಿ ಆ ಔಷಧ ಕೊಡದೆ ಬಿಟ್ಟಾಗ, ಚರ್ಮದ ಪರೀಕ್ಷೆಯಿಂದ ಖಚಿತವಾದ ಅಲರ್ಜಿ ಸೊನ್ನೆಗೆ ಇಳಿಯಿತು. ಈಗ ಅಬಕವಿರ್‌ಗೆ ಮುಂಚೆ ಈ ಪರೀಕ್ಷೆ ಮಾಡೋದು ಹಲವು ದೇಶಗಳಲ್ಲಿ ರೂಢಿ.

ಆಂಟಿಬಯೋಟಿಕ್‌ಗಳಲ್ಲಿ ಏನು ಗೊತ್ತಾಗಿದೆ?

ನಮ್ಮ ದೇಶಕ್ಕೆ ತೀರಾ ಹತ್ತಿರದ ಉದಾಹರಣೆ ಡ್ಯಾಪ್ಸೋನ್. ಕುಷ್ಠರೋಗಕ್ಕೆ ಉಚಿತವಾಗಿ ಕೊಡುವ ಬಹುಔಷಧ ಚಿಕಿತ್ಸೆಯಲ್ಲಿ ಇದೂ ಒಂದು. ಜಗತ್ತಿನಲ್ಲಿ ಪ್ರತಿ ವರ್ಷ ಪತ್ತೆಯಾಗುವ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಡ್ಯಾಪ್ಸೋನ್ ತಗೊಂಡವರಲ್ಲಿ ಶೇ 0.5ರಿಂದ 3.6ರಷ್ಟು ಜನರಿಗೆ ತೀವ್ರ ಅಲರ್ಜಿಯ ಸಿಂಡ್ರೋಮ್ ಬರುತ್ತದೆ. ಬಂದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಸಾಯುತ್ತಾರೆ. 2013ರಲ್ಲಿ ಚೀನಾದ ಸಂಶೋಧಕರು ಇದಕ್ಕೂ ಎಚ್‌ಎಲ್‌ಎ-ಬಿ 13:01ಕ್ಕೂ ಇರುವ ನಂಟನ್ನು ತೋರಿಸಿದರು. ಈ ನಮೂನೆ ಯುರೋಪಿನವರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಭಾರತೀಯರಲ್ಲಿ ಬೇರೆ ಬೇರೆ ಸಮುದಾಯಗಳನ್ನು ನೋಡಿದರೆ ಇದರ ಪ್ರಮಾಣ ಶೇ 1ರಿಂದ 12. ಆಮೇಲೆ ಅದೇ ಚೀನಾದಲ್ಲಿ, ಈ ಜೀನ್ ಇಲ್ಲದ 1,251 ಹೊಸ ರೋಗಿಗಳಿಗೆ ಮಾತ್ರ ಡ್ಯಾಪ್ಸೋನ್ ಕೊಟ್ಟು ನೋಡಿದರು. ಒಬ್ಬರಿಗೂ ಆ ಸಿಂಡ್ರೋಮ್ ಬರಲಿಲ್ಲ.

ಎರಡನೆಯದು ವ್ಯಾಂಕೊಮೈಸಿನ್. ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡುವ ಔಷಧ. 2019ರಲ್ಲಿ ಅಮೆರಿಕದ ಅಧ್ಯಯನವೊಂದರಲ್ಲಿ ಇದರಿಂದ ‘ಡ್ರೆಸ್’ ಬಂದ 23 ಜನರಲ್ಲಿ 19 ಮಂದಿಗೆ ಎಚ್‌ಎಲ್‌ಎ-ಎ 32:01 ಇತ್ತು. ಏನೂ ಆಗದೆ ತಡೆದುಕೊಂಡ 46 ಜನರಲ್ಲಿ ಒಬ್ಬರಲ್ಲೂ ಇರಲಿಲ್ಲ.

ಇನ್ನು ನಮ್ಮ ಓದುಗರ ಪೆನ್ಸಿಲಿನ್. 2020ರಲ್ಲಿ ಎಸ್ಟೋನಿಯಾ, ಬ್ರಿಟನ್ ಮತ್ತು ಅಮೆರಿಕದ ಬಯೋಬ್ಯಾಂಕ್‌ಗಳಲ್ಲಿದ್ದ ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಜಾಲಾಡಿದ ಅಧ್ಯಯನವೊಂದು, ‘ನನಗೆ ಪೆನ್ಸಿಲಿನ್ ಅಲರ್ಜಿ’ ಅಂತ ಹೇಳಿಕೊಂಡವರಲ್ಲಿ ಎಚ್‌ಎಲ್‌ಎ-ಬಿ 55:01 ಸ್ವಲ್ಪ ಹೆಚ್ಚು ಅಂತ ಕಂಡುಹಿಡಿಯಿತು. ಎಷ್ಟು ಹೆಚ್ಚು? ಸುಮಾರು 1.4 ಪಟ್ಟು. ಅಂದರೆ ನೂರು ಜನರಲ್ಲಿ ಹತ್ತು ಮಂದಿ ಹಾಗೆ ಹೇಳುವ ಕಡೆ, ಈ ಜೀನ್ ಇರುವವರಲ್ಲಿ ಹದಿಮೂರು-ಹದಿನಾಲ್ಕು ಮಂದಿ ಹೇಳುತ್ತಾರೆ. ಕಾರ್ಬಮಜೆಪಿನ್‌ನ 44ಕ್ಕೆ 44 ಎಲ್ಲಿ, ಇದೆಲ್ಲಿ?

ಈ ವ್ಯತ್ಯಾಸ ಅರ್ಥ ಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ತೀರಾ ಅಪರೂಪದ, ತೀರಾ ಉಗ್ರವಾದ ಕೆಲವು ಪ್ರತಿಕ್ರಿಯೆಗಳಲ್ಲಿ ಜೀನ್‌ನ ಪಾತ್ರ ದೊಡ್ಡದು, ಸ್ಪಷ್ಟ. ಸಾಮಾನ್ಯವಾದ ಪೆನ್ಸಿಲಿನ್ ದದ್ದಿನಲ್ಲಿ ಅದರ ಪಾತ್ರ ಸಣ್ಣದು. ಹಾಗಾಗಿ ‘ಪೆನ್ಸಿಲಿನ್ ಆಗುತ್ತೋ ಇಲ್ವೋ’ ಅಂತ ಹೇಳಿಬಿಡುವ ಜೀನ್ ಟೆಸ್ಟ್ ಇವತ್ತು ಇಲ್ಲ. ಆನ್‌ಲೈನ್‌ನಲ್ಲಿ ಯಾರಾದರೂ ಎಂಜಲು ತಗೊಂಡು ಅಂಥ ರಿಪೋರ್ಟ್ ಕೊಡ್ತೀವಿ ಅಂದರೆ ದುಡ್ಡು ಉಳಿಸಿಕೊಳ್ಳಿ.

ಇನ್ನೊಂದು ಮಾತು. ಜೀನ್ ಇದ್ದವರಿಗೆಲ್ಲ ಅಲರ್ಜಿ ಬರಲ್ಲ. ಎಚ್‌ಎಲ್‌ಎ-ಎ 32:01 ಇದ್ದು, ಎರಡು ವಾರಕ್ಕಿಂತ ಹೆಚ್ಚು ವ್ಯಾಂಕೊಮೈಸಿನ್ ತಗೊಂಡವರಲ್ಲೂ ‘ಡ್ರೆಸ್’ ಬಂದಿದ್ದು ಐವರಲ್ಲಿ ಸುಮಾರು ಒಬ್ಬರಿಗೆ. ಬೀಗ ಇದ್ದ ಮಾತ್ರಕ್ಕೆ ಬಾಗಿಲು ತೆರೆಯೋದಿಲ್ಲ, ಸರಿಯಾದ ಟಿ-ಕಣವೂ ಬೇಕು, ಔಷಧದ ಪ್ರಮಾಣ, ಜೊತೆಗಿರುವ ಸೋಂಕು ಎಲ್ಲವೂ ಕೂಡಿಬರಬೇಕು.

ಹಾಗಾದರೆ ಅಪ್ಪನಿಂದ ಮಗಳಿಗೆ?

ನೇರ ಉತ್ತರ: ಅಪ್ಪನಿಗೆ ಪೆನ್ಸಿಲಿನ್ ಅಲರ್ಜಿ ಇದೆ ಅನ್ನೋ ಒಂದೇ ಕಾರಣಕ್ಕೆ ಮಗಳು ಪೆನ್ಸಿಲಿನ್ ಬಿಡಬೇಕಾಗಿಲ್ಲ. ಅಲರ್ಜಿ ತಜ್ಞರ ಮಾರ್ಗಸೂಚಿಗಳೂ ಇದನ್ನೇ ಹೇಳುತ್ತವೆ. ಐಜಿಇ ಪ್ರತಿಕಾಯ ಹುಟ್ಟೋದು ನಮ್ಮ ದೇಹ ಆ ಔಷಧವನ್ನು ಕಂಡ ಮೇಲೆ. ಆಸ್ತಿಪತ್ರದ ಹಾಗೆ ಅದು ವರ್ಗಾವಣೆ ಆಗಲ್ಲ.

ಒಂದು ಅಪವಾದ ನೆನಪಿರಲಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಔಷಧದಿಂದ ಚರ್ಮ ಸುಲಿದ, ಐಸಿಯು ಸೇರಿದ ಇತಿಹಾಸ ಇದ್ದರೆ, ಆ ಔಷಧದ ಹೆಸರನ್ನು ನಿಮ್ಮ ಡಾಕ್ಟರಿಗೆ ಹೇಳಿ. ಇಬ್ಬರು ಒಡಹುಟ್ಟಿದವರ ಎಚ್‌ಎಲ್‌ಎ ಸೆಟ್ ಪೂರ್ತಿ ಒಂದೇ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಕಡೆ ಕುಟುಂಬದ ಇತಿಹಾಸಕ್ಕೆ ಬೆಲೆ ಇದೆ.

ತಪ್ಪು ಲೇಬಲ್‌ನ ಬೆಲೆ

‘ಯಾಕೆ ರಿಸ್ಕು, ಬೇರೆ ಆಂಟಿಬಯೋಟಿಕ್ ಕೊಡಿ’ ಅನ್ನೋದು ಸುಲಭ. ಆದರೆ ಅದಕ್ಕೂ ಬೆಲೆ ಇದೆ.

ಅಮೆರಿಕದಲ್ಲಿ ಹತ್ತರಲ್ಲಿ ಒಬ್ಬರ ದಾಖಲೆಯಲ್ಲಿ ಪೆನ್ಸಿಲಿನ್ ಅಲರ್ಜಿ ಅಂತ ಇದೆ. ಸರಿಯಾಗಿ ಪರೀಕ್ಷಿಸಿದರೆ ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಅಲರ್ಜಿ ಇರಲ್ಲ. ಕೆಲವರಿಗೆ ಮೊದಲೂ ಇರಲಿಲ್ಲ. ಮಗುವಾಗಿದ್ದಾಗ ವೈರಲ್ ಜ್ವರ ಬಂದಿರುತ್ತೆ, ಯಾರೋ ಅಮಾಕ್ಸಿಸಿಲಿನ್ ಕೊಟ್ಟಿರುತ್ತಾರೆ, ವೈರಸ್‌ನಿಂದಲೇ ಎದ್ದ ದದ್ದಿನ ಅಪವಾದ ಔಷಧದ ತಲೆಗೆ ಬಂದಿರುತ್ತದೆ. ಇನ್ನು ಕೆಲವರಿಗೆ ನಿಜವಾಗಿಯೂ ಇತ್ತು, ಆದರೆ ಕಳೆದುಹೋಗಿದೆ. ಐಜಿಇಯಿಂದಾದ ಪೆನ್ಸಿಲಿನ್ ಅಲರ್ಜಿ ಇದ್ದವರಲ್ಲಿ ಸುಮಾರು ಶೇ 80ರಷ್ಟು ಜನರಿಗೆ ಹತ್ತು ವರ್ಷದ ನಂತರ ಅದು ಉಳಿದಿರಲ್ಲ.

ಲೇಬಲ್ ಮಾತ್ರ ಉಳಿದಿರುತ್ತೆ. ಅದರಿಂದ ಅವರಿಗೆ ಸಿಗೋದು ಹೆಚ್ಚು ವಿಶಾಲವಾಗಿ ಹೊಡೆಯುವ, ಕೆಲವೊಮ್ಮೆ ದುಬಾರಿಯಾದ ಬದಲಿ ಆಂಟಿಬಯೋಟಿಕ್. ಬ್ರಿಟನ್‌ನಲ್ಲಿ ಮೂರು ಲಕ್ಷ ಜನರ ದಾಖಲೆ ನೋಡಿದ 2018ರ ಅಧ್ಯಯನದಲ್ಲಿ, ಈ ಲೇಬಲ್ ಇದ್ದವರಿಗೆ ಔಷಧಕ್ಕೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾ ತಗಲುವ ಅಪಾಯ ಶೇ 69ರಷ್ಟು ಹೆಚ್ಚಿತ್ತು.

ಅಂಕಿಅಂಶಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದಿರೋದು ಒಬ್ಬ ಹುಡುಗಿ. ಪಿಯುಸಿ ಓದುತ್ತಿದ್ದಳು. ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಹಾಳಾಗಿತ್ತು. ಇಂಥವರಿಗೆ ಮೂರು ವಾರಕ್ಕೊಮ್ಮೆ ಬೆಂಜಥಿನ್ ಪೆನ್ಸಿಲಿನ್ ಇಂಜೆಕ್ಷನ್ ಕೊಡುತ್ತಾರೆ, ವರ್ಷಗಟ್ಟಲೆ. ಗಂಟಲ ಸೋಂಕು ಮರುಕಳಿಸಿ ಕವಾಟ ಇನ್ನಷ್ಟು ಹಾಳಾಗದಿರಲಿ ಅಂತ. ಬದಲಿ ಮಾತ್ರೆಗಳಿವೆ, ಆದರೆ ಇಂಜೆಕ್ಷನ್‌ನಷ್ಟು ಭರವಸೆ ಇಲ್ಲ, ಜೊತೆಗೆ ದಿನಾ ಮರೆಯದೆ ನುಂಗಬೇಕು. ಅವಳಿಗೆ ಆ ಇಂಜೆಕ್ಷನ್ ಶುರುವೇ ಆಗಿರಲಿಲ್ಲ. ಅವಳ ಅಮ್ಮ ಹೇಳಿದ ಮಾತು ಇದು: ‘ನಮ್ಮ ವಂಶಕ್ಕೇ ಪೆನ್ಸಿಲಿನ್ ಆಗಲ್ಲ. ನಮ್ಮಪ್ಪ ಇಂಜೆಕ್ಷನ್ ಕೊಟ್ಟ ದಿನಾನೇ ಹೋಗ್ಬಿಟ್ರು.’

ಆ ಹೆದರಿಕೆಯನ್ನು ನಗಾಡಿ ತಳ್ಳಿಹಾಕೋಕೆ ಆಗಲ್ಲ. ಕಣ್ಣೆದುರು ಅಪ್ಪನನ್ನು ಕಳಕೊಂಡವರು ಅವರು. ಯಾವ ಇಂಜೆಕ್ಷನ್, ಯಾಕೆ ಕೊಟ್ಟರು, ಆಗ ಅವರಿಗೆ ಏನು ಕಾಯಿಲೆ ಇತ್ತು? ಯಾರಿಗೂ ಗೊತ್ತಿರಲಿಲ್ಲ. ಪೆನ್ಸಿಲಿನ್ ಅನ್ನೋ ಹೆಸರು ಹೇಗೆ ಬಂತು ಅನ್ನೋದೂ ಗೊತ್ತಿರಲಿಲ್ಲ. ಹುಡುಗಿಯ ಹಳೆಯ ಚೀಟಿಗಳನ್ನು ತರೋಕೆ ಹೇಳಿದೆವು. ಬಟ್ಟೆ ಅಂಗಡಿಯ ಕವರ್ ಒಂದರಲ್ಲಿ ಅವಳ ಅಮ್ಮ ಎಲ್ಲ ಜೋಪಾನವಾಗಿ ಇಟ್ಟಿದ್ದರು. ಅದರಲ್ಲಿ ಅವಳ ಏಳನೇ ಕ್ಲಾಸಿನ ಒಂದು ಚೀಟಿ: ಕಿವಿ ಸೋರಿದ್ದಕ್ಕೆ ಅಮಾಕ್ಸಿಸಿಲಿನ್, ಐದು ದಿನ. ‘ಪೂರ್ತಿ ಕೋರ್ಸ್ ಮುಗಿಸಿದ್ಲು, ಏನೂ ಆಗ್ಲಿಲ್ಲ’ ಅಂದರು ಅಮ್ಮ. ಅದು ಪೆನ್ಸಿಲಿನ್ ಕುಟುಂಬದ್ದೇ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ತಜ್ಞರು ಪರೀಕ್ಷೆ ಮಾಡಿ, ಎಲ್ಲ ಸಿದ್ಧತೆ ಇಟ್ಟುಕೊಂಡು, ತಮ್ಮ ಕಣ್ಗಾವಲಿನಲ್ಲೇ ಮೊದಲ ಇಂಜೆಕ್ಷನ್ ಕೊಟ್ಟರು. ಅಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಕೈಯಲ್ಲಿ ಅದೇ ಕವರ್. ಹುಡುಗಿಗೆ ಏನೂ ಆಗಲಿಲ್ಲ. ಈಗ 21 ದಿನಕ್ಕೊಮ್ಮೆ ಬರುತ್ತಾಳೆ.

ಟೆಸ್ಟ್ ಡೋಸ್, ಮನೆಪ್ರಯೋಗ, ಸಲ್ಫಾ

ಇಂಜೆಕ್ಷನ್ ಕೊಡುವ ಮುಂಚೆ ಮುಂಗೈಗೆ ಸಣ್ಣಗೆ ಚುಚ್ಚಿ ಗೆರೆ ಎಳೆಯುತ್ತಾರಲ್ಲ, ಆ ‘ಟೆಸ್ಟ್ ಡೋಸ್’ ಎಲ್ಲ ಬಗೆಯ ಅಲರ್ಜಿ ಹಿಡಿಯಲ್ಲ. ಹಿಡಿದರೂ ಅದು ತಕ್ಷಣದ ಗಂಧೆ ಬಗೆಯದ್ದು ಮಾತ್ರ. ವಾರದ ನಂತರ ಬರುವ ದದ್ದನ್ನು ಅದು ಹೇಳಲಾರದು. ಲೇಬಲ್ ಸರಿಯೋ ತಪ್ಪೋ ಅಂತ ತಿಳಿಯೋಕೆ ಅಲರ್ಜಿ ತಜ್ಞರು ಮೊದಲು ವಿವರವಾಗಿ ಕೇಳುತ್ತಾರೆ, ಬೇಕಿದ್ದರೆ ಚರ್ಮದ ಪರೀಕ್ಷೆ ಮಾಡುತ್ತಾರೆ, ಕೊನೆಗೆ ತಮ್ಮೆದುರೇ ಔಷಧ ನುಂಗಿಸಿ ಗಮನಿಸುತ್ತಾರೆ. ಅಪಾಯ ಕಡಿಮೆ ಅಂತ ವಿಂಗಡಿಸಿದವರಿಗೆ ನೇರವಾಗಿ ನುಂಗಿಸಿ ನೋಡುವುದು ಸುರಕ್ಷಿತ ಅಂತ 2023ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ.

ದಯವಿಟ್ಟು ಇದನ್ನು ಮನೆಯಲ್ಲಿ ಅರ್ಧ ಮಾತ್ರೆ ಮುರಿದು ಮಾಡಬೇಡಿ. ಹಿಂದೆ ಚರ್ಮ ಸುಲಿದಿದ್ದರೆ, ಬಾಯಿ-ಕಣ್ಣಿಗೆ ಹುಣ್ಣಾಗಿದ್ದರೆ, ಲಿವರ್-ಕಿಡ್ನಿಗೆ ಪೆಟ್ಟಾಗಿದ್ದರೆ, ತಜ್ಞರೂ ಆ ಔಷಧ ನುಂಗಿಸಿ ಪರೀಕ್ಷಿಸಲ್ಲ. ಅವರ ಪಾಲಿಗೆ ಅದು ಮುಗಿದ ಅಧ್ಯಾಯ.

‘ಸಲ್ಫಾ ಅಲರ್ಜಿ’ ಬಗ್ಗೆಯೂ ಒಂದು ಮಾತು. ಕೋ-ಟ್ರೈಮಾಕ್ಸಜೋಲ್‌ನಂಥ ಸಲ್ಫಾ ಆಂಟಿಬಯೋಟಿಕ್ ಆಗದವರು, ಸ್ಟ್ರಿಪ್ ಮೇಲೆ ‘ಸಲ್ಫೇಟ್’ ಅಂತ ಕಂಡ ಕೂಡಲೇ ಹೆದರುತ್ತಾರೆ. ಉಬ್ಬಸದ ಇನ್‌ಹೇಲರ್‌ನ ಸಾಲ್ಬುಟಮಾಲ್ ಸಲ್ಫೇಟ್ ಬಿಟ್ಟವರನ್ನೂ ನೋಡಿದ್ದೇನೆ. ಸಲ್ಫೇಟ್ ಬೇರೆ, ಸಲ್ಫಾ ಬೇರೆ. ಹೆಸರು ಹತ್ತಿರ, ನೆಂಟಸ್ತಿಕೆ ಇಲ್ಲ. ಇದಕ್ಕೆ ಉಲ್ಟಾ ಕೂಡ ಆಗುತ್ತೆ. ‘ನನಗೆ ಪೆನ್ಸಿಲಿನ್ ಆಗಲ್ಲ, ಆದ್ರೆ ಆಗ್ಮೆಂಟಿನ್ ತಗೋತೀನಿ’ ಅನ್ನುವವರಿದ್ದಾರೆ. ಆಗ್ಮೆಂಟಿನ್‌ನಲ್ಲಿರೋದು ಪೆನ್ಸಿಲಿನ್ ಕುಟುಂಬದ ಅಮಾಕ್ಸಿಸಿಲಿನ್ನೇ. ಹಾಗಾಗಿ ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದೋದು ಅಭ್ಯಾಸ ಆಗಲಿ.

ಫೋನಿನಲ್ಲಿ ಒಂದು ನೋಟ್

ನಿಮಗೆ ಅಥವಾ ಮನೆಯವರಿಗೆ ಯಾವುದೇ ಔಷಧದಿಂದ ದದ್ದು ಬಂದರೆ, ಅದೇ ದಿನ ಫೋನಿನಲ್ಲಿ ಇಷ್ಟು ಬರೆದಿಡಿ:

— ಸ್ಟ್ರಿಪ್‌ನ ಎರಡೂ ಬದಿಯ ಫೋಟೋ, ಔಷಧದ ಹೆಸರು ಕಾಣುವ ಹಾಗೆ.
— ಯಾವ ಕಾಯಿಲೆಗೆ ತಗೊಂಡಿದ್ದು, ಆಗ ಜ್ವರ ಇತ್ತಾ, ಜೊತೆಗೆ ಇನ್ಯಾವ ಮಾತ್ರೆ ತಗೊಂಡಿರಿ.
— ಎಷ್ಟನೇ ದಿನ, ಎಷ್ಟನೇ ಡೋಸ್ ಆದ ಮೇಲೆ ದದ್ದು ಬಂತು. ‘ಒಂದು ಗಂಟೆಯೊಳಗೆ’ ಮತ್ತು ‘ಆರನೇ ದಿನ’ ಇವೆರಡರ ನಡುವೆ ಭೂಮಿ-ಆಕಾಶದ ಅಂತರ.
— ದದ್ದಿನ ಫೋಟೋ, ಒಳ್ಳೆ ಬೆಳಕಿನಲ್ಲಿ, ದಿನಾಂಕದ ಸಮೇತ.
— ಹೇಗೆ ವಾಸಿಯಾಯ್ತು: ತಾನಾಗೇ, ಮಾತ್ರೆಯಿಂದ, ಇಂಜೆಕ್ಷನ್‌ನಿಂದ, ಅಡ್ಮಿಟ್ ಆಗಿ?
— ಆಮೇಲೆ ಅದೇ ಕುಟುಂಬದ ಔಷಧ ತಗೊಂಡು ಏನೂ ಆಗದೆ ಇದ್ದರೆ, ಅದನ್ನೂ ಬರೆಯಿರಿ. ಆ ಹುಡುಗಿಯ ವಿಷಯದಲ್ಲಿ ದಾರಿ ತೋರಿಸಿದ್ದು ಅಂಥ ಒಂದು ಚೀಟಿ.

ಉಸಿರಾಟದ ತೊಂದರೆ, ಮುಖ-ನಾಲಿಗೆ ಊತ, ಬೊಬ್ಬೆ, ಮುಟ್ಟಿದರೆ ನೋಯುವ ಚರ್ಮ, ಬಾಯಿ ಅಥವಾ ಕಣ್ಣಿನ ಹುಣ್ಣು, ದದ್ದಿನ ಜೊತೆ ಜೋರು ಜ್ವರ — ಇವುಗಳಲ್ಲಿ ಒಂದು ಕಂಡರೂ ನೋಟ್ ಬರೆಯುತ್ತಾ ಕೂರಬೇಡಿ, ನೇರವಾಗಿ ಎಮರ್ಜೆನ್ಸಿಗೆ ಹೋಗಿ. ಸ್ಟ್ರಿಪ್ ಜೇಬಿನಲ್ಲಿರಲಿ.

ಔಷಧದ ಅಡ್ಡಪರಿಣಾಮವನ್ನು ನೀವೇ ವರದಿ ಮಾಡಬಹುದು ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. 2010ರಲ್ಲಿ ಶುರುವಾದ ಭಾರತದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ನಮ್ಮ ಜನರಲ್ಲಿ ಯಾವ ಔಷಧ ಯಾರಿಗೆ ಏನು ಮಾಡುತ್ತದೆ ಅನ್ನೋ ಲೆಕ್ಕ ಕೂಡುವುದು ಇಂಥ ಕರೆಗಳಿಂದಲೇ. ಮುಂದೊಂದು ದಿನ ಡ್ಯಾಪ್ಸೋನ್‌ಗೆ ಮುಂಚೆ ಜೀನ್ ಪರೀಕ್ಷೆ ನಮ್ಮ ಸರ್ಕಾರಿ ಆಸ್ಪತ್ರೆಗಳಿಗೂ ಬರಬೇಕಾದರೆ ಆ ಲೆಕ್ಕ ಬೇಕೇ ಬೇಕು. ಕುಷ್ಠರೋಗದ ಮಾತ್ರೆ ನುಂಗುವವರು ಹೆಚ್ಚಾಗಿ ಬಡವರು. ಎಂಜಲು ಕಳಿಸಿ ಆನ್‌ಲೈನ್ ರಿಪೋರ್ಟ್ ತರಿಸಿಕೊಳ್ಳುವವರು ಅವರಲ್ಲ.

ಇಮೇಲ್ ಕಳಿಸಿದ ಓದುಗರಿಗೆ: ಡೆಂಟಿಸ್ಟ್‌ಗೆ ಫೋನ್ ಮಾಡಿ ಅಪ್ಪನ ವಿಷಯ ಇದ್ದ ಹಾಗೇ ಹೇಳಿ, ಮಾತ್ರೆ ತಗೊಳ್ಳೋದು ಅವರ ಮಾತಿನ ಮೇಲೆ. ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಹತ್ತಿರ ಕೂತು ಕೇಳಿ, ಯಾವ ಔಷಧ, ಯಾವ ವರ್ಷ, ಎಷ್ಟು ಹೊತ್ತಿಗೆ, ಯಾವ ಥರದ ದದ್ದು. ಅವರ ಲೇಬಲ್ ಕೂಡ ಹಳೆಯದಾಗಿದ್ದರೆ ಒಮ್ಮೆ ಅಲರ್ಜಿ ತಜ್ಞರಿಗೆ ತೋರಿಸಿ. ಅರವತ್ತು ದಾಟಿದ ಮೇಲೆ ಆಪರೇಷನ್, ನ್ಯುಮೋನಿಯಾ ಅಂತ ಪೆನ್ಸಿಲಿನ್ ಕುಟುಂಬದ ಔಷಧ ಬೇಕಾಗುವ ಸಂದರ್ಭ ಅವರಿಗೇ ಹೆಚ್ಚು.

ಮುಂದಿನ ಕಂತಿನಲ್ಲಿ: ಜ್ವರ ಇಳಿದ ಮೇಲೆ ಆಂಟಿಬಯೋಟಿಕ್ ಕೋರ್ಸ್ ಪೂರ್ತಿ ಮುಗಿಸಲೇಬೇಕಾ? ನಿಮ್ಮ ಅನುಭವ, ಪ್ರಶ್ನೆ ಇದ್ದರೆ ಬರೆಯಿರಿ.